ಸುಣ್ಣ ಬಣ್ಣದ ಹಿಂದಿನ ವಿದ್ಯೆ

ಸೆಪ್ಟೆಂಬರ್, ಅಕ್ಟೋಬರ್ ತಿಂಗಳ ಮಳೆ ಹಿಂದೆ ಸರಿದು ನಾಲ್ಕು ದಿನ ಬಿಸಿಲು ಬಿದ್ದರೆ ಸಾಕು, ಬೆಂಗಳೂರಿನ ದಕ್ಷಿಣದಂಚಿನ ವಸಂತಪುರದ ಬೀದಿಗಳಲ್ಲಿ ಏಣಿಗಳು ಎದ್ದು ನಿಲ್ಲುತ್ತವೆ. ವಸಂತ ವಲ್ಲಭರಾಯಸ್ವಾಮಿಯ ಹಳೆಯ ದೇವಾಲಯವಿರುವ ಈ ಊರು ಒಂದು ಕಾಲಕ್ಕೆ ಪಟ್ಟಣದ ಹೊರಗಿನ ಹಳ್ಳಿ. ಇಂದು ಅದೇ ಬೀದಿಗಳಲ್ಲಿ ಎರಡಂತಸ್ತಿನ ಮನೆಗಳು, ಅವುಗಳ ಪಕ್ಕದಲ್ಲೇ ಅಪಾರ್ಟ್‌ಮೆಂಟುಗಳು. ಕೋಣನಕುಂಟೆ ಕ್ರಾಸಿಗೆ 2021ರಲ್ಲಿ ಮೆಟ್ರೊ ಬಂತು. ಇಲ್ಲಿನ ಬೆಟ್ಟದ ಮೇಲೆ ಇಸ್ಕಾನ್ ಕಟ್ಟಿಸಿದ ರಾಜಾಧಿರಾಜ ಗೋವಿಂದ ದೇವಾಲಯ 2022ರಲ್ಲಿ ಉದ್ಘಾಟನೆಯಾಯಿತು. ಕಟ್ಟಡಗಳು ಹೆಚ್ಚಿದಂತೆ ಅವುಗಳನ್ನು ಕಾಪಾಡುವ ಕೈಗಳೂ ಬೇಕಲ್ಲವೇ? ಅಂತಹ ಕೈಗಳಲ್ಲಿ ಮುಖ್ಯವಾದದ್ದು, ಆದರೆ ನಾವು ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಳ್ಳದಿರುವುದು, ಪೇಂಟರ್‌ನ ಕೈ.

‘ಓದದಿದ್ದರೆ ಸುಣ್ಣ ಹೊಡೆಯೋಕೆ ಹೋಗಬೇಕಾಗುತ್ತೆ’ ಎಂದು ಮಕ್ಕಳನ್ನು ಗದರಿಸುವ ತಂದೆ ತಾಯಿಯರು ಇಂದಿಗೂ ಉಂಟು. ಡಬ್ಬಿ ತೆರೆ, ಬ್ರಷ್ ಅದ್ದು, ಗೋಡೆಗೆ ಬಳಿ. ಇದರಲ್ಲಿ ವಿದ್ಯೆ ಏನಿದೆ ಎಂಬ ಭಾವನೆ. ಆದರೆ ಸಾವಿರಾರು ರೂಪಾಯಿ ಸುರಿದು ಬಳಿಸಿದ ಬಣ್ಣ ಒಂದೇ ಮಳೆಗಾಲಕ್ಕೆ ಹಪ್ಪಳದಂತೆ ಉಬ್ಬಿ ಉದುರಿದಾಗ ಗೊತ್ತಾಗುತ್ತದೆ, ಇದರಲ್ಲಿ ತಿಳಿದುಕೊಳ್ಳಬೇಕಾದದ್ದು ಬಹಳವಿದೆ ಎಂದು.

ಹೊಸ ಮನೆಗೆ ಬಣ್ಣ ಹೊಡೆಯುವುದು ಒಂದು ಕೆಲಸ. ವಾಸವಿರುವ ಕಟ್ಟಡಕ್ಕೆ ವರ್ಷವರ್ಷವೂ ನಿಗಾ ಇಟ್ಟು, ಕೆಟ್ಟ ಜಾಗವನ್ನು ಸರಿಪಡಿಸಿ, ಮತ್ತೆ ಬಣ್ಣ ಕಟ್ಟುವುದು ಬೇರೆಯದೇ ಕೆಲಸ. ಶಾಲೆ, ಆಸ್ಪತ್ರೆ, ಕಾರ್ಖಾನೆ, ದೊಡ್ಡ ಅಪಾರ್ಟ್‌ಮೆಂಟುಗಳಲ್ಲಿ ಇದಕ್ಕಾಗಿಯೇ ಪೇಂಟರುಗಳಿರುತ್ತಾರೆ. ಮನೆಗಳಲ್ಲಿ ಈ ಕೆಲಸ ಮೇಸ್ತ್ರಿಯ ಮೂಲಕ ನಡೆಯುತ್ತದೆ.

ಗೋಡೆಯ ರೋಗಪರೀಕ್ಷೆ

ಒಂದು ಮನೆಯನ್ನು ಊಹಿಸಿಕೊಳ್ಳಿ. ದೀಪಾವಳಿಗೆ ಹದಿನೈದು ದಿನವಿದೆ. ಹಜಾರದ ಗೋಡೆಯಲ್ಲಿ ತೇವದ ಕಲೆ. ಮನೆಯಾಕೆ ಕೇಳುತ್ತಾರೆ: ‘ಏನಪ್ಪಾ, ಹಬ್ಬದೊಳಗೆ ಮುಗಿಸಿಕೊಡ್ತೀಯಾ?’ ಪೇಂಟರ್ ಗೋಡೆಯ ಮೇಲೆ ಅಂಗೈ ಇಟ್ಟು ನೋಡುತ್ತಾನೆ. ‘ಹೊಡೆದುಕೊಡ್ತೀನಿ ಅಮ್ಮಾ, ಆದರೆ ನಿಲ್ಲೋದಿಲ್ಲ. ಇದರ ಹಿಂದೆ ಬಚ್ಚಲುಮನೆ ಇದೆಯಲ್ಲಾ, ಮೊದಲು ಅದರ ಪೈಪು ನೋಡಿಸಿ.’

ಈ ಮಾತು ಹೇಳಲು ಎರಡು ಗುಣ ಬೇಕು. ಒಂದು ಜ್ಞಾನ, ಇನ್ನೊಂದು ಪ್ರಾಮಾಣಿಕತೆ. ಏಕೆಂದರೆ ಈ ಕೆಲಸಕ್ಕೆ ಹಣ ಸಿಗುವುದು ಸಾಮಾನ್ಯವಾಗಿ ಚದರಡಿಯ ಲೆಕ್ಕದಲ್ಲಿ. ರೋಗ ಹುಡುಕಿದ್ದಕ್ಕೆ ಕೂಲಿಯಿಲ್ಲ, ಮುಚ್ಚಿದ್ದಕ್ಕೆ ಇದೆ! ಕಲೆಯ ಮೇಲೆ ಪುಟ್ಟಿ ಮೆತ್ತಿ ಬಣ್ಣ ಬಳಿದರೆ ಹಬ್ಬದ ದಿನ ಗೋಡೆ ಹೊಳೆಯುತ್ತದೆ. ಎಲ್ಲರಿಗೂ ಸಂತೋಷ. ಒಳಗಿನ ನೀರು ಮಾತ್ರ ತನ್ನ ಕೆಲಸವನ್ನು ಬಿಡುವುದಿಲ್ಲ.

ಇಟ್ಟಿಗೆ ಮತ್ತು ಗಾರೆಯಲ್ಲಿ ಕೂದಲಿಗಿಂತ ಸಣ್ಣ ರಂಧ್ರಗಳಿವೆ. ದೀಪದ ಬತ್ತಿಯಲ್ಲಿ ಎಣ್ಣೆ ಮೇಲೇರುವಂತೆ ಈ ರಂಧ್ರಗಳಲ್ಲಿ ನೀರು ಏರುತ್ತದೆ. ಇದೇ ಪಾಠಪುಸ್ತಕದ ಲೋಮನಾಳ ಕ್ರಿಯೆ. ಏರುವ ನೀರು ಇಟ್ಟಿಗೆ, ಸಿಮೆಂಟು, ಮಣ್ಣಿನಲ್ಲಿರುವ ಲವಣಗಳನ್ನು ಕರಗಿಸಿಕೊಂಡು ಬರುತ್ತದೆ. ಗೋಡೆಯ ಮೇಲ್ಮೈಗೆ ಬಂದಾಗ ನೀರು ಆವಿಯಾಗಿ ಹೋಗುತ್ತದೆ, ಲವಣ ಹರಳಾಗಿ ಉಳಿಯುತ್ತದೆ. ಹರಳು ಬೆಳೆಯುವಾಗ ಬಣ್ಣದ ಪದರವನ್ನು ಒಳಗಿನಿಂದ ಹೊರಕ್ಕೆ ನೂಕುತ್ತದೆ. ಗೋಡೆಯ ಮೇಲೆ ಕಾಣುವ ಬಿಳಿಯ ಉಪ್ಪಿನ ಪುಡಿ ಅದೇ.

ಅನುಭವಿ ಪೇಂಟರ್ ಕಲೆಯ ಆಕಾರ ನೋಡಿಯೇ ಮೂಲವನ್ನು ಊಹಿಸುತ್ತಾನೆ. ನೆಲದಿಂದ ಎರಡು ಮೂರು ಅಡಿಯವರೆಗೆ ಪಟ್ಟಿಯಂತೆ ತೇವವಿದ್ದರೆ ಅದು ತಳಪಾಯದಿಂದ ಏರಿದ ನೀರು. ಬಚ್ಚಲುಮನೆಯ ಹಿಂಬದಿಯಲ್ಲಿ, ಬೇಸಿಗೆಯಲ್ಲೂ ಆರದ ಕಲೆಯಿದ್ದರೆ ಕೊಳವೆ ಸೋರುತ್ತಿದೆ. ಮಳೆ ಬಂದಾಗಷ್ಟೇ ಮೇಲಿನಿಂದ ಇಳಿಯುವ ಕಲೆಯಾದರೆ ತಾರಸಿ, ಸಜ್ಜಾ ಅಥವಾ ಹೊರಗೋಡೆಯ ಬಿರುಕನ್ನು ಹುಡುಕಬೇಕು. ಬೀರುವಿನ ಹಿಂದೆ, ಕೋಣೆಯ ಮೂಲೆಯಲ್ಲಿ ಕಪ್ಪು ಬೂಷ್ಟು ಕಂಡರೆ ಬಹಳ ಸಲ ಗಾಳಿಯ ಓಡಾಟ ಸಾಲದೆ ತೇವ ಅಲ್ಲೇ ಕುಳಿತಿರುತ್ತದೆ. ನಾಲ್ಕಕ್ಕೂ ಔಷಧ ಬೇರೆ ಬೇರೆ.

ಒಂದು ಸರಳ ಪರೀಕ್ಷೆಯನ್ನು ನೀವೂ ಮಾಡಬಹುದು. ಒಂದಡಿ ಅಗಲದ ಪ್ಲಾಸ್ಟಿಕ್ ಹಾಳೆಯನ್ನು ಸಂಶಯವಿರುವ ಗೋಡೆಗೆ ನಾಲ್ಕೂ ಕಡೆ ಟೇಪಿನಿಂದ ಅಂಟಿಸಿ ಒಂದು ದಿನ ಬಿಡಿ. ಹಾಳೆಯ ಒಳಬದಿಯಲ್ಲಿ ಹನಿ ಕಟ್ಟಿದ್ದರೆ ತೇವ ಗೋಡೆಯೊಳಗಿನಿಂದ ಬರುತ್ತಿದೆ. ಹೊರಬದಿಯಲ್ಲಿ ಕಟ್ಟಿದ್ದರೆ ಕೋಣೆಯ ಗಾಳಿಯಿಂದ ಬಂದಿದೆ.

ಬಿರುಕುಗಳದ್ದೂ ಹೀಗೆಯೇ. ಪ್ಲಾಸ್ಟರಿನ ಮೇಲಿನ ಕೂದಲೆಳೆಯಂತಹ ಬಿರುಕನ್ನು ತುಂಬಿ ಮುಚ್ಚಬಹುದು. ಕಾಂಕ್ರೀಟ್ ಕಂಬ ಮತ್ತು ಇಟ್ಟಿಗೆ ಗೋಡೆ ಕೂಡುವ ಕಡೆ ನೇರವಾಗಿ ಇಳಿಯುವ ಬಿರುಕಿಗೆ ಎರಡು ವಸ್ತುಗಳು ಬಿಸಿಲಿಗೆ ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗುವುದೂ ಒಂದು ಕಾರಣ. ಬಾಗಿಲ ಮೂಲೆಯಿಂದ ಓರೆಯಾಗಿ ಹೊರಟು ಅಗಲವಾಗುತ್ತಿರುವ ಬಿರುಕಾದರೆ ತುದಿಗಳಿಗೆ ಪೆನ್ಸಿಲಿನಿಂದ ಗುರುತು ಹಾಕಿ ತಾರೀಖು ಬರೆದು ಕಾಯಬೇಕು. ಗುರುತನ್ನು ದಾಟಿ ಬೆಳೆದರೆ ಅದು ಪೇಂಟರ್‌ನ ಕೆಲಸವಲ್ಲ, ಎಂಜಿನಿಯರ್‌ನನ್ನು ಕರೆಸಬೇಕು. ಸಜ್ಜಾದ ಅಡಿಯಲ್ಲಿ ಕಂದು ಕಲೆ ಕಂಡರಂತೂ ಎಚ್ಚರ! ಒಳಗಿನ ಕಬ್ಬಿಣದ ಸರಳು ತುಕ್ಕು ಹಿಡಿಯುತ್ತಿದೆ. ತುಕ್ಕು ಮೂಲ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಸುತ್ತಲಿನ ಕಾಂಕ್ರೀಟನ್ನು ಸೀಳಿ ಕೆಳಕ್ಕೆ ಕೆಡವುತ್ತದೆ. ಕೆಳಗೆ ಮಕ್ಕಳು ಆಡುತ್ತಿರಬಹುದು.

ಯೋಚಿಸಿ ನೋಡಿ, ಎಂಜಿನಿಯರ್ ಕಟ್ಟಡವನ್ನು ಕೆಳಗೆ ನಿಂತು ನೋಡುತ್ತಾನೆ. ಮಾಲೀಕ ಒಳಗೆ ಕುಳಿತು ನೋಡುತ್ತಾನೆ. ಅದರ ಪ್ರತಿ ಅಂಗುಲವನ್ನೂ ಕೈಯಳತೆಯ ದೂರದಲ್ಲಿ ನೋಡುವವನು ಪೇಂಟರ್ ಒಬ್ಬನೇ. ಅವನು ಕಂಡದ್ದನ್ನು ಹೇಳಿದರೆ ಕಟ್ಟಡ ಉಳಿಯುತ್ತದೆ. ಬಣ್ಣದಿಂದ ಮುಚ್ಚಿದರೆ ಮುಂದಿನ ಐದಾರು ವರ್ಷ ಯಾರ ಕಣ್ಣಿಗೂ ಬೀಳುವುದಿಲ್ಲ.

ಡಬ್ಬಿ ತೆರೆಯುವ ಮುಂಚೆ

ಒಳ್ಳೆಯ ಪೇಂಟರ್‌ನ ಮುಕ್ಕಾಲು ಪಾಲು ಕೆಲಸ ಬಣ್ಣದ ಡಬ್ಬಿ ತೆರೆಯುವ ಮುಂಚೆಯೇ ಮುಗಿದಿರುತ್ತದೆ. ಹಳೆಯ ಗೋಡೆಯ ಮೇಲೆ ಕೈ ಸವರಿದಾಗ ಸೀಮೆಸುಣ್ಣದಂತಹ ಪುಡಿ ಅಂಟಿದರೆ ಆ ಪದರ ಸತ್ತುಹೋಗಿದೆ ಎಂದರ್ಥ. ಅದರ ಮೇಲೆ ಎಷ್ಟು ಬೆಲೆಯ ಬಣ್ಣ ಬಳಿದರೂ ಅದು ಹಿಡಿಯುವುದು ಪುಡಿಯನ್ನೇ ಹೊರತು ಗೋಡೆಯನ್ನಲ್ಲ. ಆದ್ದರಿಂದ ಕೆರೆಯಬೇಕು, ತೊಳೆಯಬೇಕು, ಪಾಚಿ ಬೂಷ್ಟುಗಳನ್ನು ಕೊಂದು ತೆಗೆಯಬೇಕು, ಒಣಗಲು ಬಿಡಬೇಕು. ಆಮೇಲೆ ಪ್ರೈಮರ್. ಅದು ಗೋಡೆ ಎಲ್ಲ ಕಡೆ ಒಂದೇ ಸಮನಾಗಿ ಬಣ್ಣ ಹೀರುವಂತೆ ಮಾಡುತ್ತದೆ. ಪುಟ್ಟಿಯನ್ನು ತೆಳುವಾಗಿ ಎರಡು ಬಾರಿ ಎಳೆಯಬೇಕು. ಒಮ್ಮೆಲೇ ದಪ್ಪಗೆ ಮೆತ್ತಿದರೆ ಬಿರಿಯುತ್ತದೆ. ಎಮರಿ ಪೇಪರಿನಿಂದ ಉಜ್ಜಿ, ದೂಳು ಒರೆಸಿ, ಪಕ್ಕದಿಂದ ದೀಪ ಹಿಡಿದು ಉಬ್ಬುತಗ್ಗು ನೋಡಬೇಕು.

ಕಿಟಕಿಯ ಗ್ರಿಲ್ಲಿಗೆ ಬೇರೆ ಕ್ರಮ. ಸಡಿಲವಾದ ತುಕ್ಕನ್ನು ತಂತಿ ಬ್ರಷ್‌ನಿಂದ ತೆಗೆದು, ಹೊಳೆಯುವ ಕಬ್ಬಿಣ ಕಂಡ ದಿನವೇ ಪ್ರೈಮರ್ ಹಚ್ಚಬೇಕು. ಒಂದು ರಾತ್ರಿ ಬಿಟ್ಟರೂ ಬೆಂಗಳೂರಿನ ಇಬ್ಬನಿ ಮತ್ತೆ ತುಕ್ಕನ್ನು ಆರಂಭಿಸಿಬಿಡುತ್ತದೆ.

ಹೊಸ ಸಿಮೆಂಟ್ ಪ್ಲಾಸ್ಟರಿಗೆ ಸುಮಾರು ಒಂದು ತಿಂಗಳು ಕಾಯಬೇಕು ಎನ್ನುವುದೂ ಇದಕ್ಕೇ ಸೇರಿದ್ದು. ಹಸಿ ಸಿಮೆಂಟಿನ ಪಿಎಚ್ ಮೌಲ್ಯ 12ಕ್ಕೂ ಮೇಲೆ. ಅಂದರೆ ತೀವ್ರ ಪ್ರತ್ಯಾಮ್ಲ. ಅದರ ಮೇಲೆ ಎಣ್ಣೆ ಮೂಲದ ಬಣ್ಣ ಬಳಿದರೆ ಎಣ್ಣೆ ಮತ್ತು ಪ್ರತ್ಯಾಮ್ಲ ಸೇರಿ ಸಾಬೂನು ಆಗುತ್ತದೆ. ಪ್ರೌಢಶಾಲೆಯ ಪ್ರಯೋಗಾಲಯದಲ್ಲಿ ನೋಡುವ ಸಾಬೂನೀಕರಣವೇ ಗೋಡೆಯ ಮೇಲೆ ನಡೆದು ಬಣ್ಣ ಅಂಟಂಟಾಗಿ ಹಾಳಾಗುತ್ತದೆ!

ಬಣ್ಣದ ಒಳಗೇನಿದೆ?

ನಮ್ಮ ಅಜ್ಜಿಯರ ಕಾಲದ ಸುಣ್ಣವನ್ನೇ ತೆಗೆದುಕೊಳ್ಳಿ. ಸುಣ್ಣದ ಕಲ್ಲನ್ನು ಗೂಡಿನಲ್ಲಿ ಸುಟ್ಟರೆ ಇಂಗಾಲದ ಡೈ ಆಕ್ಸೈಡ್ ಹೊರಬಿದ್ದು ಸುಟ್ಟ ಸುಣ್ಣ ಉಳಿಯುತ್ತದೆ. ನೀರು ಹಾಕಿದರೆ ಕುದಿದು ಅರಳಿದ ಸುಣ್ಣವಾಗುತ್ತದೆ. ಗೋಡೆಗೆ ಬಳಿದಾಗ ಅದು ಗಾಳಿಯಲ್ಲಿನ ಇಂಗಾಲದ ಡೈ ಆಕ್ಸೈಡನ್ನು ಹೀರಿಕೊಂಡು ಮತ್ತೆ ಕಲ್ಲೇ ಆಗುತ್ತದೆ. ಕಲ್ಲಿನಿಂದ ಹೊರಟು ಕಲ್ಲಿಗೇ ಮರಳುವ ಈ ಚಕ್ರ ಎಷ್ಟು ಸೊಗಸು!

ಸುಣ್ಣ ಬಳಿದಾಗ ಹಸಿಯಲ್ಲಿ ತೆಳುವಾಗಿ, ಗೋಡೆ ಕಾಣುವಂತಿರುತ್ತದೆ. ಒಣಗಿದ ಮೇಲೆ ಬೆಳ್ಳಗಾಗುತ್ತದೆ. ಏಕೆ? ಸುಣ್ಣದ ಕಣಗಳ ವಕ್ರೀಭವನ ಸೂಚ್ಯಂಕ ಸುಮಾರು 1.6, ನೀರಿನದು 1.33. ವ್ಯತ್ಯಾಸ ಕಡಿಮೆಯಿರುವುದರಿಂದ ಬೆಳಕು ಹೆಚ್ಚು ಚದುರದೆ ಒಳಗೆ ಹೋಗುತ್ತದೆ. ನೀರು ಆರಿ ಕಣಗಳ ನಡುವೆ ಗಾಳಿ ತುಂಬಿದಾಗ ಗಾಳಿಯ ಸೂಚ್ಯಂಕ 1. ವ್ಯತ್ಯಾಸ ಹೆಚ್ಚಿ ಬೆಳಕು ಚದುರುತ್ತದೆ, ಬಿಳುಪು ಕಾಣುತ್ತದೆ. ಇಂದಿನ ಬಿಳಿ ಬಣ್ಣಗಳಲ್ಲಿರುವ ಟೈಟಾನಿಯಂ ಡೈ ಆಕ್ಸೈಡ್‌ನ ಸೂಚ್ಯಂಕ ಸುಮಾರು 2.7. ಆದ್ದರಿಂದಲೇ ಅದು ಅಂಟಿನೊಳಗೆ ಮುಳುಗಿದ್ದರೂ ಹಳೆಯ ಕಲೆಯನ್ನು ಮರೆಮಾಡುತ್ತದೆ.

ಯಾವುದೇ ಬಣ್ಣದಲ್ಲಿ ಮುಖ್ಯವಾಗಿ ಮೂರು ಭಾಗ: ಬಣ್ಣ ಕೊಡುವ ವರ್ಣದ್ರವ್ಯ, ಅದನ್ನು ಗೋಡೆಗೆ ಹಿಡಿದಿಡುವ ಅಂಟು, ಇವೆರಡನ್ನೂ ಹರಡಲು ಬೇಕಾದ ದ್ರವ. ಎಮಲ್ಷನ್ನಿನಲ್ಲಿ ಆ ದ್ರವ ನೀರು. ನೀರು ಆರಿದಾಗ ಅಂಟಿನ ಅತಿ ಸಣ್ಣ ಕಣಗಳು ಒಂದಕ್ಕೊಂದು ಬೆಸೆದು ಪೊರೆಯಾಗುತ್ತವೆ. ಎನಾಮೆಲ್‌ನಲ್ಲಿ ಟರ್ಪೆಂಟೈನಿನಂತಹ ದ್ರವ ಆರಿದ ಮೇಲೂ ಅಂಟು ಗಾಳಿಯ ಆಮ್ಲಜನಕದೊಡನೆ ಕೂಡಿ ನಿಧಾನವಾಗಿ ಗಟ್ಟಿಯಾಗುತ್ತದೆ. ಮುಟ್ಟಿದರೆ ಒಣಗಿದಂತಿದ್ದರೂ ಒಳಗೆ ಹಸಿ ಇರುತ್ತದೆ. ಎರಡನೆಯ ಕೋಟಿಗೆ ಪೇಂಟರ್ ‘ನಾಳೆ’ ಎಂದರೆ ಅದು ಸೋಮಾರಿತನವಲ್ಲ, ರಸಾಯನಶಾಸ್ತ್ರ.

ಬಣ್ಣದ ಉದ್ಯಮ ಕನ್ನಡನಾಡಿಗೆ ಹೊಸತಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ, ಮೈಸೂರಿನಲ್ಲಿ ಅರಗು ಮತ್ತು ಬಣ್ಣದ ಕಾರ್ಖಾನೆ ಆರಂಭವಾಯಿತು. ಅದೇ ಇಂದಿನ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಸಂಸ್ಥೆ. ಮತದಾನದ ದಿನ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿಯನ್ನು 1962ರ ಮಹಾಚುನಾವಣೆಯಿಂದ ತಯಾರಿಸುತ್ತಿರುವುದು ಇದೇ ಕಾರ್ಖಾನೆ.

ಲೆಕ್ಕವೂ ಬೇಕು

ಕೋಣೆಯ ಉದ್ದ 12 ಅಡಿ, ಅಗಲ 10 ಅಡಿ, ಎತ್ತರ 10 ಅಡಿ. ಸುತ್ತಳತೆ 44 ಅಡಿ, ಗೋಡೆಗಳ ವಿಸ್ತೀರ್ಣ 440 ಚದರಡಿ. ಬಾಗಿಲಿಗೆ 21, ಕಿಟಕಿಗೆ 16 ಕಳೆದರೆ 403. ಒಂದು ಲೀಟರ್ ಒಂದು ಕೋಟಿಗೆ 120 ಚದರಡಿ ಬರುತ್ತದೆಂದು ಡಬ್ಬಿಯ ಮೇಲಿದ್ದರೆ ಎರಡು ಕೋಟಿಗೆ ಎಷ್ಟು ಬೇಕು? 806ನ್ನು 120ರಿಂದ ಭಾಗಿಸಿ: ಸುಮಾರು 6.7 ಲೀಟರ್. ಏಳು ತಂದರೆ ಸಾಕು. ಹತ್ತು ತರಿಸಿದರೆ ಮಾಲೀಕನಿಗೆ ನಷ್ಟ, ಐದು ತರಿಸಿ ನೀರು ಬೆರೆಸಿದರೆ ಗೋಡೆಗೆ ನಷ್ಟ. ಏಳನೆಯ ತರಗತಿಯ ಕ್ಷೇತ್ರಗಣಿತ ಇಲ್ಲಿ ನೇರವಾಗಿ ಹಣವಾಗುತ್ತದೆ.

ನಿರ್ವಹಣೆಯ ಪೇಂಟರ್ ಒಂದು ಪುಸ್ತಕವನ್ನೂ ಇಡಬೇಕು. ಯಾವ ಗೋಡೆಗೆ ಯಾವ ಕಂಪನಿಯ ಯಾವ ಸಂಖ್ಯೆಯ ಬಣ್ಣ, ಯಾವ ತಾರೀಖಿನಲ್ಲಿ ಎಷ್ಟು ಕೋಟು ಎಂದು ಬರೆದಿಟ್ಟರೆ ಮುಂದಿನ ವರ್ಷ ತೇಪೆ ಕಾಣದಂತೆ ಸರಿಪಡಿಸಬಹುದು. ಕೆಲವು ಕಡೆ ಬಣ್ಣ ಅಂದಕ್ಕಲ್ಲ, ಸೂಚನೆಗೆ. ಅಪಾರ್ಟ್‌ಮೆಂಟಿನಲ್ಲಿ ಬೆಂಕಿ ನಂದಿಸುವ ನೀರಿನ ಕೊಳವೆಗೆ ಕೆಂಪು ಬಣ್ಣವೇ ಇರಬೇಕು. ಅಲ್ಲಿ ಸ್ವಂತ ಅಭಿರುಚಿ ಸಲ್ಲದು.

ಕಣ್ಣಿಗೆ ಕಾಣದ ಅಪಾಯ

ತಂದೆ ತಾಯಿಯರು ವಿಶೇಷವಾಗಿ ತಿಳಿಯಬೇಕಾದ ವಿಷಯ ಸೀಸ. ಹಳೆಯ ಎನಾಮೆಲ್ ಬಣ್ಣಗಳಲ್ಲಿ, ಅದರಲ್ಲೂ ಹಳದಿ, ಕೆಂಪು, ಕಿತ್ತಳೆ ಬಣ್ಣಗಳಲ್ಲಿ ಸೀಸದ ಸಂಯುಕ್ತಗಳಿರುತ್ತಿದ್ದವು. ಹಳೆಯ ಗ್ರಿಲ್, ಬಾಗಿಲುಗಳನ್ನು ಒಣಗಿದಂತೆಯೇ ಉಜ್ಜಿದಾಗ ಏಳುವ ದೂಳಿನಲ್ಲಿ ಆ ಸೀಸ ಇರುತ್ತದೆ. ಅದು ಉಜ್ಜುವವನ ಶ್ವಾಸಕ್ಕೂ ಹೋಗುತ್ತದೆ, ನೆಲದ ಮೇಲೆ ಅಂಬೆಗಾಲಿಡುವ ಮಗುವಿನ ಬಾಯಿಗೂ ಹೋಗುತ್ತದೆ. ಮಕ್ಕಳ ಮಿದುಳಿನ ಬೆಳವಣಿಗೆಗೆ ಸೀಸ ಶತ್ರು. ಇಷ್ಟರವರೆಗೆ ಸುರಕ್ಷಿತ ಎನ್ನುವ ಮಟ್ಟವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಈ ಅರಿವು ಹರಡುವುದರಲ್ಲಿ ಬೆಂಗಳೂರಿನ ಪಾತ್ರವಿದೆ. ಸೀಸದ ವಿಷವನ್ನು ತಡೆಯುವ ಬಗ್ಗೆ 1999ರ ಫೆಬ್ರವರಿಯಲ್ಲಿ ಜಾರ್ಜ್ ಫೌಂಡೇಷನ್ ಮುಂದಾಳತ್ವದಲ್ಲಿ ಇಲ್ಲಿ ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಜೀವರಸಾಯನಶಾಸ್ತ್ರ ಪ್ರಾಧ್ಯಾಪಕರಾಗಿದ್ದ ಡಾ. ತುಪ್ಪಿಲ್ ವೆಂಕಟೇಶ್ ಇದೇ ವಿಷಯಕ್ಕೆ ವರ್ಷಗಟ್ಟಲೆ ದುಡಿದರು. ಕೇಂದ್ರ ಸರ್ಕಾರ 2016ರಲ್ಲಿ ನಿಯಮ ಹೊರಡಿಸಿ, ಮನೆಬಳಕೆಯ ಬಣ್ಣದಲ್ಲಿ ಸೀಸ ಹತ್ತು ಲಕ್ಷದಲ್ಲಿ 90 ಭಾಗವನ್ನು ಮೀರಬಾರದೆಂದು ವಿಧಿಸಿತು. ಅದು 2017ರ ನವೆಂಬರ್ 1ರಿಂದ ಜಾರಿಗೆ ಬಂತು. ಆದರೆ ಅದಕ್ಕೆ ಮುಂಚೆ ಬಳಿದ ಪದರಗಳು ಹಳೆಯ ಮನೆಗಳಲ್ಲಿ ಇನ್ನೂ ಇವೆಯಲ್ಲ! ಆದ್ದರಿಂದ ಹಳೆಯ ಎನಾಮೆಲ್ಲನ್ನು ನೀರು ಹಚ್ಚಿ ಉಜ್ಜಬೇಕು, ದೂಳನ್ನು ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಬೇಕು, ಮಕ್ಕಳನ್ನೂ ಗರ್ಭಿಣಿಯರನ್ನೂ ಆ ಕೋಣೆಯಿಂದ ದೂರವಿಡಬೇಕು. ಪೇಂಟರ್ ಕೈ ತೊಳೆಯದೆ ಊಟಕ್ಕೆ ಕೂರಬಾರದು.

ಪೇಂಟರ್ ವೃತ್ತಿಯಲ್ಲಿ ಎದುರಾಗುವ ವಸ್ತುಗಳ ಒಟ್ಟು ಸಂಪರ್ಕವನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1989ರಲ್ಲೇ ಕ್ಯಾನ್ಸರ್ ಕಾರಕಗಳ ಪಟ್ಟಿಗೆ ಸೇರಿಸಿತು. ದೂಳಿಗೆ ಒಂದು ಬಗೆಯ ಮಾಸ್ಕ್, ಥಿನ್ನರಿನ ಆವಿಗೆ ಇನ್ನೊಂದು ಬಗೆಯದು ಬೇಕು. ಮೂಗಿಗೆ ಕಟ್ಟಿದ ಕರ್ಚೀಫು ಆವಿಯನ್ನು ತಡೆಯುವುದಿಲ್ಲ. ಕಿಟಕಿಗಳನ್ನು ತೆರೆದಿಡುವುದಂತೂ ಕಾಸಿಲ್ಲದ ರಕ್ಷಣೆ.

ಎತ್ತರದ ಕೆಲಸ

ಇನ್ನೊಂದು ಅಪಾಯ ಎಲ್ಲರಿಗೂ ಕಾಣುತ್ತದೆ, ಆದರೂ ಯಾರೂ ನೋಡುವುದಿಲ್ಲ. ಮೂರನೆಯ ಮಹಡಿಯ ಹೊರಗೋಡೆ, ಅಂದರೆ ಸುಮಾರು 9 ಮೀಟರ್ ಎತ್ತರ. ಅಲ್ಲಿಂದ ಕಾಲು ಜಾರಿದರೆ ನೆಲ ಮುಟ್ಟಲು ಒಂದೂವರೆ ಸೆಕೆಂಡೂ ಹಿಡಿಯುವುದಿಲ್ಲ. ಆಗಿನ ವೇಗ ಗಂಟೆಗೆ ಸುಮಾರು 48 ಕಿಲೋಮೀಟರ್. ವಿದ್ಯಾರ್ಥಿಗಳು ಚಲನೆಯ ಸಮೀಕರಣದಿಂದ ಇದನ್ನು ತಾಳೆ ನೋಡಬಹುದು. ಒಂದೂವರೆ ಸೆಕೆಂಡಿನಲ್ಲಿ ಯಾರೂ ಏನನ್ನೂ ಹಿಡಿದುಕೊಳ್ಳಲಾರರು. ಮೊದಲೇ ಕಟ್ಟಿದ ಸುರಕ್ಷಾ ಪಟ್ಟಿ ಮಾತ್ರ ಹಿಡಿಯಬಲ್ಲದು.

ಏಣಿಗೂ ನಿಯಮವಿದೆ. ಅದು ಒರಗುವ ಎತ್ತರ ನಾಲ್ಕು ಪಾಲಾದರೆ ಬುಡ ಗೋಡೆಯಿಂದ ಒಂದು ಪಾಲು ದೂರವಿರಬೇಕು. 12 ಅಡಿ ಎತ್ತರಕ್ಕೆ 3 ಅಡಿ. ಹತ್ತಿರವಾದರೆ ಹಿಂದಕ್ಕೆ ವಾಲುತ್ತದೆ, ದೂರವಾದರೆ ಬುಡ ಜಾರುತ್ತದೆ. ಸಾರುವೆ ಕಟ್ಟುವಾಗ, ಹಗ್ಗದಲ್ಲಿ ಇಳಿಯುವಾಗ ಹಗ್ಗವನ್ನು ಪ್ರತಿದಿನ ಬೆಳಿಗ್ಗೆ ಪರೀಕ್ಷಿಸಬೇಕು. ಹತ್ತಿರದಲ್ಲಿ ವಿದ್ಯುತ್ ತಂತಿಯಿದ್ದರೆ ಕಬ್ಬಿಣದ ಏಣಿಯನ್ನು ತರಲೇಬಾರದು.

ಇಲ್ಲಿ ಮನೆಯ ಮಾಲೀಕರ ಹೊಣೆಯೂ ಇದೆ. ಕೊಟೇಷನ್ ಕೇಳುವಾಗ ಎಲ್ಲರೂ ‘ಚದರಡಿಗೆ ಎಷ್ಟು?’ ಎಂದು ಕೇಳುತ್ತಾರೆ. ‘ಬೆಲ್ಟು ಇದೆಯೇ, ಹಗ್ಗ ಯಾವಾಗಿನದು?’ ಎಂದು ಕೇಳುವವರು ಎಷ್ಟು ಜನ? ಚೌಕಾಸಿಯಲ್ಲಿ ಉಳಿದ ಹಣ ಬಹಳ ಸಲ ಬೆಲ್ಟಿನ ಹಣವೇ ಆಗಿರುತ್ತದೆ.

ಕಟ್ಟಡ ಕಾರ್ಮಿಕರಿಗಾಗಿ 1996ರಲ್ಲಿ ಬಂದ ಕೇಂದ್ರ ಕಾಯ್ದೆ, ಕಟ್ಟುವುದನ್ನಷ್ಟೇ ಅಲ್ಲದೆ ದುರಸ್ತಿ, ನಿರ್ವಹಣೆಯನ್ನೂ ತನ್ನ ವ್ಯಾಪ್ತಿಗೆ ತಂದುಕೊಂಡಿತು. ಕರ್ನಾಟಕದಲ್ಲಿ ಕಟ್ಟಡ ಮತ್ತು ಇತರೆ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿ ಇದೆ. 18ರಿಂದ 60 ವರ್ಷದೊಳಗಿನ, ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕೆಲಸ ಮಾಡಿದ ಪೇಂಟರ್ ಇದರಲ್ಲಿ ನೋಂದಾಯಿಸಿಕೊಳ್ಳಬಹುದು. ಅಪಘಾತ ಪರಿಹಾರ, ಪಿಂಚಣಿ, ಮಕ್ಕಳ ಓದಿಗೆ ಸಹಾಯದಂತಹ ಯೋಜನೆಗಳಿವೆ. ನಿಮ್ಮ ಮನೆಗೆ ಬರುವ ಪೇಂಟರ್‌ಗೆ ಇದು ತಿಳಿದಿದೆಯೇ ಎಂದು ಒಮ್ಮೆ ಕೇಳಿ. ಅರ್ಜಿ ತುಂಬಲು ಮನೆಯ ಕಾಲೇಜು ಹುಡುಗ ಅರ್ಧ ಗಂಟೆ ಕುಳಿತರೂ ದೊಡ್ಡ ಉಪಕಾರವಾದೀತು.

ಕಲಿಯಬಯಸುವವರಿಗೆ

ಬಹುಪಾಲು ಪೇಂಟರುಗಳು ಈ ವಿದ್ಯೆಯನ್ನು ಹೆಲ್ಪರ್ ಆಗಿ ಸೇರಿ, ಗೋಡೆ ಉಜ್ಜುತ್ತಾ, ಹಿರಿಯರ ಕೈ ನೋಡಿಯೇ ಕಲಿತವರು. ಕ್ರಮಬದ್ಧವಾಗಿ ಕಲಿಯುವ ದಾರಿಯೂ ಇದೆ. ಐಟಿಐ ವೃತ್ತಿಗಳ ಪಟ್ಟಿಯಲ್ಲಿ ‘ಪೇಂಟರ್ ಜನರಲ್’ ಎಂಬ ಎರಡು ವರ್ಷದ ಶಿಕ್ಷಣವಿದೆ. ವರ್ಲ್ಡ್ ಸ್ಕಿಲ್ಸ್ ಎಂಬ ಜಾಗತಿಕ ಕುಶಲಕರ್ಮಿಗಳ ಸ್ಪರ್ಧೆಯಲ್ಲಿ ಬಣ್ಣ ಮತ್ತು ಅಲಂಕಾರದ ಕೆಲಸಕ್ಕೂ ಒಂದು ವಿಭಾಗವಿದೆ.

ಬೇಕಾದ ಗುಣಗಳೇನು? ಬಣ್ಣದ ಛಾಯೆಗಳನ್ನು ಗುರುತಿಸುವ ಕಣ್ಣು, ನಡುಗದ ಕೈ, ಎತ್ತರಕ್ಕೆ ಅಂಜದ ಆದರೆ ಎತ್ತರವನ್ನು ಗೌರವಿಸುವ ಮನಸ್ಸು, ಸಾಮಾನ್ಯ ಲೆಕ್ಕ. ಬೇರೆಯವರ ಮನೆಯೊಳಗೆ ದಿನಗಟ್ಟಲೆ ಇರಬೇಕಾದ್ದರಿಂದ ನಂಬಿಕೆಗೆ ಅರ್ಹವಾದ ನಡತೆ. ಎಲ್ಲಕ್ಕಿಂತ ಮಿಗಿಲಾಗಿ, ಮುಚ್ಚುವ ಮುಂಚೆ ನೋಡುವ, ನೋಡಿದ್ದನ್ನು ಹೇಳುವ ಅಭ್ಯಾಸ.

ಎಲ್ಲ ಮಕ್ಕಳೂ ಪೇಂಟರುಗಳಾಗಬೇಕೆಂದಲ್ಲ. ಆದರೆ ಮುಂದಿನ ಸಲ ಮನೆಗೆ ಸುಣ್ಣ ಬಣ್ಣ ಮಾಡಿಸುವಾಗ ಮಗನನ್ನೋ ಮಗಳನ್ನೋ ಅರ್ಧ ದಿನ ಆ ಕೆಲಸದ ಹತ್ತಿರ, ಆದರೆ ದೂಳಿನಿಂದ ದೂರ, ನಿಲ್ಲಿಸಿ. ಗೋಡೆ ಏಕೆ ಒದ್ದೆಯಾಗಿದೆ, ಪ್ರೈಮರ್ ಏಕೆ ಬೇಕು ಎಂದು ಪೇಂಟರನ್ನೇ ಕೇಳಲಿ. ಪುಸ್ತಕದ ಪಾಠ ಗೋಡೆಯ ಮೇಲೆ ಕಂಡೀತು. ಹಾಗೆಯೇ ಪೇಂಟರ್ ‘ಈ ಗೋಡೆಗೆ ಈಗಲೇ ಬೇಡ ಅಮ್ಮಾ’ ಎಂದು ಹೇಳಿದರೆ ಬೇಸರಿಸದೆ ಕೇಳಿಸಿಕೊಳ್ಳಿ. ಒಂದು ಹಬ್ಬಕ್ಕೆ ಗೋಡೆಯ ಮೇಲೆ ಕಲೆ ಉಳಿದೀತು, ಆದರೆ ಆ ಮನೆಗೆ ಒಳ್ಳೆಯ ಪೇಂಟರ್ ಸಿಕ್ಕಿದ್ದಾನೆ ಎಂದು ತಿಳಿಯಬಹುದು.